1930ರ ಜೆರಾಕ್ಸ್

(ಭದ್ರಾವತಿ ಬಸ್ ನಿಲ್ದಾಣದ ಪಕ್ಕ ಮಣಿಯ ಟೀ ಅಂಗಡಿ. ಶಿವಮೊಗ್ಗದ ಕಚೇರಿ ಸುತ್ತಿ ಬಂದ ಅಜ್ಜ.)

ಮಣಿ: ಹಕ್ಕುಪತ್ರ ಸಿಕ್ತಾ ಅಜ್ಜ?

ಅಜ್ಜ: ಎಲ್ಲಿಂದ? ಕಾಡಲ್ಲಿ 75 ವರ್ಷದಿಂದ ಇದ್ದದ್ದಕ್ಕೆ ಸಾಕ್ಷಿ ಬೇಕಂತೆ. 2005ರಿಂದ ಹಿಂದಕ್ಕೆ ಎಣಿಸ್ಬೇಕಂತೆ.

ಮಣಿ: ಅಂದ್ರೆ 1930! ಆಗ ಎಲ್ಲಿದ್ರಿ?

ಅಜ್ಜ: ನಾನು ಹುಟ್ಟೇ ಇರ್ಲಿಲ್ಲ. ಅಪ್ಪ ಶರಾವತಿ ದಡದಲ್ಲಿ ಅಡಿಕೆ ಸುಲೀತಿದ್ದ.

ಮಣಿ: ಮತ್ತೆ ಕಾಡಿಗ್ಯಾಕೆ ನುಗ್ಗಿದ್ರಿ?

ಅಜ್ಜ: ನುಗ್ಗೋದಾ? ಲಾರೀಲಿ ತಂದು ಇಳಿಸಿದ್ದು ಸರ್ಕಾರನೇ ಮಾರಾಯ. 1964ಕ್ಕೆ ಲಿಂಗನಮಕ್ಕಿ ಡ್ಯಾಮ್ ತುಂಬ್ಬೇಕಿತ್ತಲ್ಲ.

ಮಣಿ: ತಪ್ಪು ನಿಮ್ದೇ. 1930ರಲ್ಲೇ ಬಂದು, ಡ್ಯಾಮ್ ಕಟ್ತಾರೆ ಅಂತ ಕಾಯ್ತಾ ಕೂರ್ಬೇಕಿತ್ತು.

ಅಜ್ಜ: ಹಳೇ ಮನೆ ಕಾಗದ ತನ್ನಿ ಅಂದ್ರು. ಮನೆ ಸಮೇತ ನೀರಡಿ ಇದೆ ಸ್ವಾಮಿ ಅಂದೆ. ಹಂಗಾದ್ರೆ ಜೆರಾಕ್ಸ್ ಸಾಕು ಅಂದ್ರು.

ಮಣಿ: ಪುಣ್ಯಾತ್ಮರು!

ಅಜ್ಜ: ಕಚೇರೀಲಿ ಫ್ಯಾನ್ ಮಾತ್ರ ಜೋರಾಗಿ ತಿರುಗ್ತಿತ್ತು. ನಮ್ ಹೊಳೇದೇ ಕರೆಂಟಿರ್ಬೇಕು. 1,035 ಮೆಗಾವಾಟ್, ಅದಕ್ಕೆ ಯಾವ ದಾಖಲೆನೂ ಕೇಳಲ್ಲ ನೋಡು.

ಮಣಿ: ನಮ್ಮ ತಾತನೂ ಸೇಲಂ ಕಡೆಯಿಂದ ಬಂದೋನೇ. 1923ರಲ್ಲಿ ಇಲ್ಲಿ ಕಬ್ಬಿಣದ ಕುಲುಮೆ ಹೊತ್ತಿಸಿದ್ರಲ್ಲ, ಆಗ ಕಾಗದ ಕೇಳ್ಲಿಲ್ಲ, ತೋಳು ಮುಟ್ಟಿ ನೋಡಿದ್ರಂತೆ.

ಅಜ್ಜ: ನನ್ ತೋಳು ಈಗ ಯಾರು ನೋಡ್ತಾರೆ?

ಮಣಿ: ಓಟಿನ ಚೀಟಿ ಇದ್ಯಲ್ಲ, ತೋರಿಸ್ಬೇಕಿತ್ತು.

ಅಜ್ಜ: ತೋರಿಸ್ದೆ. ಓಟು ಹಾಕೋಕೆ ಅದು ಊರು, ಹಕ್ಕುಪತ್ರ ಕೇಳೋಕೆ ಕಾಡು ಅಂದ್ರು.