ಮುಳ್ಳಿನ ಮೇಲೆ ಕಣ್ಣು

ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್ ಬಿಸಿಲಲ್ಲಿ ಬೆಂದು ಬಂದ ಅಳಿಯನ ಹಣೆ ಮುಟ್ಟಿ ನೋಡುವವರು ಯಾರೂ ಇರುವುದಿಲ್ಲ. ಅದೇ ಮಾವಿನ ತೋಟದಿಂದ ಜೀಪು ಬಂದು ನಿಂತರೆ ಮನೆಯವರೆಲ್ಲ ಎದ್ದು ಹೋಗಿ ಬಾನೆಟ್ ಮುಟ್ಟಿ ನೋಡುತ್ತಾರೆ. ಸೇಲಂನ ನನ್ನ ಮಾವನ ಮನೆಯಲ್ಲಿ ಮರ್ಯಾದೆಯ ಕ್ರಮವೇ ಹಾಗೆ: ಮೊದಲು ಮನೆದೇವರು ಚೌಡೇಶ್ವರಿ, ಆಮೇಲೆ ಮಹೀಂದ್ರ ಎಂಎಂ 540, ಆಮೇಲೆ ಮಿಕ್ಕವರು.

ದೇವಾಂಗರ ಮನೆ. ತಲೆಮಾರುಗಳಿಂದ ಸೇಲಂನಲ್ಲಿ ಮಗ್ಗ ಹೂಡಿಕೊಂಡವರು. ಬೀದಿಯಲ್ಲಿ ತಮಿಳು, ಒಳಗೆ ಕನ್ನಡ. ಜೀಪಿನ ಮಾತು ಬಂತೆಂದರೆ ಎರಡೂ ಕಲಸಿಹೋಗುತ್ತವೆ. "ಅಳಿಯಂದ್ರೇ, ವಂಡಿ ಸೂಡಾಯ್ತು, ಸ್ವಲ್ಪ ತಣ್ಣಿ ತನ್ನಿ" ಎಂದು ಮಾವ ಕೂಗಿದರೆ ನಾನು ಬಿಂದಿಗೆ ಹಿಡಿದು ಓಡಬೇಕು. ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಅಧಿಕಾರ ಅದು.

ಜೀಪಿನ ಎಂಜಿನ್ ಫ್ರೆಂಚ್ ವಂಶದ್ದು. ಪ್ಯೂಜೊ ಕಂಪನಿಯ ಎಕ್ಸ್‌ಡಿಪಿ 4.90. ಹೆಸರಿನಲ್ಲೇ ಜಾತಕವಿದೆ: 4 ಸಿಲಿಂಡರ್, ಒಂದೊಂದರ ಬಾಯಿ 90 ಮಿಲಿಮೀಟರ್, ಒಟ್ಟು 2,112 ಸಿಸಿ. ಸಮತಟ್ಟು ರಸ್ತೆಯಲ್ಲಿ ಇದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಏರು ಕಂಡರೆ ಮಾತ್ರ ತಲೆ ಕಾಯುತ್ತದೆ. ಸೇಲಂನಲ್ಲಿದ್ದುಕೊಂಡು ಏರು ತಪ್ಪಿಸುವುದು ಹೇಗೆ? ತೋಟಕ್ಕೆ ಹೋಗಬೇಕಾದರೆ ಧರ್ಮಪುರಿ ಕಡೆಗೆ ತೊಪ್ಪೂರು ಘಾಟಿ ಹತ್ತಬೇಕು. ನೆಂಟರು ಬಂದರೆ ಏರ್ಕಾಡು ತೋರಿಸಬೇಕು. ಅಂದರೆ 20 ಹೇರ್‌ಪಿನ್ ತಿರುವು, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ. ತೊಪ್ಪೂರು ಘಾಟಿಯಲ್ಲಂತೂ ಪಕ್ಷಪಾತವೇ ಇಲ್ಲ. ಇಳಿಯುವ ಲಾರಿಯ ಬ್ರೇಕ್ ಕಾಯಿಸುತ್ತದೆ, ಏರುವ ಜೀಪಿನ ಎಂಜಿನ್ ಕಾಯಿಸುತ್ತದೆ.

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸುವುದಕ್ಕೆ ಒದಗುವುದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಮಿಕ್ಕಿದ್ದನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಹೈವೇಯಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ತೆವಳುವಾಗ ಎಂಜಿನ್ ಓವರ್‌ಟೈಮ್ ಮಾಡುತ್ತಿರುತ್ತದೆ, ಗಾಳಿ ರಜೆ ಹಾಕಿರುತ್ತದೆ. ಆಗ ದಿಕ್ಕು ಫ್ಯಾನ್ ಒಂದೇ.

ಇಷ್ಟು ಸರಳ ವಿಷಯಕ್ಕೆ ಊರಿನಲ್ಲಿ ಸಿಗುವ ಔಷಧಿಗಳು ಮಾತ್ರ ಅಸಂಖ್ಯ. ಏರ್ಕಾಡಿನ ದಾರಿಯಲ್ಲಿ ಗೋರಿಮೇಡಿನ ಟೀ ಅಂಗಡಿ ಮುಂದೆ ಬಾನೆಟ್ ಎತ್ತಿ ನಿಂತು ನೋಡಿ. ಗ್ಲಾಸು ಖಾಲಿಯಾಗುವುದರೊಳಗೆ ವೈದ್ಯರ ಸಭೆ ನೆರೆಯುತ್ತದೆ. ಒಬ್ಬರ ಮಾತು ಕೇಳಿ ಬಾನೆಟ್ಟಿನ ಹಿಂದಿನ ಕೀಲಿಗೆ ವಾಷರ್ ಕೊಟ್ಟು ಎತ್ತರಿಸಿದ್ದೆವು, ಬಿಸಿಗಾಳಿ ಹೊರಗೆ ಹೋಗಲಿ ಎಂದು. ಹೋಯಿತು, ನೇರವಾಗಿ ನನ್ನ ಹೆಂಡತಿಯ ಮುಖಕ್ಕೆ. ಅದಕ್ಕೂ ಹಿಂದೆ ಯಾವುದೋ ಕಾಲದಲ್ಲಿ ಒಬ್ಬ ಮೆಕ್ಯಾನಿಕ್ಕು ಥರ್ಮೋಸ್ಟಾಟನ್ನೇ ಕಿತ್ತು ಎಸೆದಿದ್ದನಂತೆ. "ಅದು ಚಳಿದೇಶದವರಿಗೆ ಸಾರ್, ನಮ್ಮೂರಿಗೆ ಬೇಡ" ಎಂಬ ಸಿದ್ಧಾಂತ ಇಂದಿಗೂ ಎಷ್ಟೋ ಗ್ಯಾರೇಜುಗಳಲ್ಲಿ ಜೀವಂತವಾಗಿದೆ. ಸುಮಾರು 82 ಡಿಗ್ರಿಗೆ ಬಾಯಿ ಬಿಡುವ ಆ ಪುಟ್ಟ ಕವಾಟ ಎಂಜಿನ್ನಿಗೆ ಬೇಕಾದಷ್ಟು ಬಿಸಿಯನ್ನು ಬೇಗ ತಂದುಕೊಡುತ್ತದೆ. ಅದಿಲ್ಲದಿದ್ದರೆ ಜನವರಿಯ ಏರ್ಕಾಡಿನಲ್ಲಿ ಎಂಜಿನ್ ಅರ್ಧ ಗಂಟೆ ನಡುಗುತ್ತದೆ, ಡೀಸೆಲ್ ಕುಡಿಯುತ್ತದೆ, ಹೊಗೆಯುಗುಳುತ್ತದೆ. ಮೇ ತಿಂಗಳಲ್ಲಿ ಕುದಿಯುವುದಂತೂ ಕುದ್ದೇ ಕುದಿಯುತ್ತದೆ.

ಗ್ರಿಲ್ಲಿನ ಅವಸ್ಥೆ ಇನ್ನೊಂದು ಕಥೆ. ಗಾಳಿ ಬರಲಿ ಎಂದು ಕಂಪನಿಯವರು ಬಿಟ್ಟ ಸಂದಿಗಳ ಮುಂದೆ ಎರಡು ಫಾಗ್ ಲ್ಯಾಂಪು, ಒಂದು ಜೋಡಿ ಹಾರ್ನು, ಆಯುಧಪೂಜೆಗೆ ಕಟ್ಟಿದ ಚೆಂಡುಹೂವಿನ ಹಾರ. ಹಾರ ಒಣಗಿ ಉದುರಿ, ಎಸಳುಗಳು ರೇಡಿಯೇಟರಿನ ರೆಕ್ಕೆಗಳ ಸಂದಿಯಲ್ಲಿ ಕೂತು, ಮುಂದಿನ ಆಯುಧಪೂಜೆವರೆಗೂ ಅಲ್ಲೇ ಇರುತ್ತಿದ್ದವು. ಗಾಡಿಗೆ ದೃಷ್ಟಿಯಾಗದಿರಲಿ ಎಂದು ಮಾಡಿದ್ದೆಲ್ಲ ಗಾಡಿಯ ಉಸಿರು ಕಟ್ಟಿಸುತ್ತಿತ್ತು. ಇದನ್ನು ಅತ್ತೆಯವರಿಗೆ ಹೇಳುವ ಧೈರ್ಯ ಯಾರಿಗಿದೆ?

ನನ್ನ ಭಾವಮೈದ ಆಧುನಿಕ ಮನುಷ್ಯ. ಗುಜರಿಯಿಂದ ಕಾರಿನದೊಂದು ಎಲೆಕ್ಟ್ರಿಕ್ ಫ್ಯಾನ್ ತಂದು, ರಿಲೇ, ಫ್ಯೂಸು, ಉಷ್ಣತೆ ಏರಿದಾಗ ತಾನೇ ಆನ್ ಆಗುವ ಸ್ವಿಚ್ಚು ಎಲ್ಲ ಕೂಡಿಸಿ ರೇಡಿಯೇಟರಿನ ಮುಂದೆ ಕೂರಿಸಿದ. ಫ್ಯಾನು ವಿಮಾನದಷ್ಟು ಸದ್ದು ಮಾಡಿತು. ಅದು ಎಳೆಯುವುದು ಹತ್ತು ಆಂಪಿಯರಿಗೂ ಮೇಲೆ. ನಮ್ಮ ಹಳೆ ಆಲ್ಟರ್‌ನೇಟರು ಕೊಡುವುದು ಅದರ ಮನಸ್ಸಿಗೆ ಬಂದಷ್ಟು. ರಾತ್ರಿ ತೊಪ್ಪೂರು ಹತ್ತುವಾಗ ಫ್ಯಾನ್ ಆನ್ ಆದ ಕೂಡಲೇ ಹೆಡ್‌ಲೈಟು ಮಂಕಾಗುತ್ತಿತ್ತು. ಎಂಜಿನ್ ತಣ್ಣಗಿರಬೇಕೋ, ರಸ್ತೆ ಕಾಣಬೇಕೋ, ಆಯ್ಕೆ ಡ್ರೈವರಿನದು.

ಅವನು ಮಾಡಿದ ಇನ್ನೊಂದು ಕೆಲಸವೆಂದರೆ ಹೊಸ ಟೆಂಪರೇಚರ್ ಮೀಟರು. ಹಳೆಯದರಲ್ಲಿ ಎಡಕ್ಕೆ 'ಸಿ', ಬಲಕ್ಕೆ 'ಎಚ್' ಎಂದಷ್ಟೇ ಇತ್ತು. ನಡುವಿನ ಪ್ರದೇಶವನ್ನು ನಂಬಿಕೆಗೆ ಬಿಟ್ಟಿದ್ದರು. ಹೊಸದರಲ್ಲಿ ಅಂಕಿಗಳು ಬಂದವು, ಅಂದಿನಿಂದ ನೆಮ್ಮದಿ ಹೋಯಿತು. ಏರ್ಕಾಡಿಗೆ ಹೋದರೆ ಕೆಳಗೆ ಸೇಲಂ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಕಾಫಿ ತೋಟ, ಮೆಣಸಿನ ಬಳ್ಳಿ, ಸಿಲ್ವರ್ ಓಕ್ ಎಲ್ಲ ಬರುತ್ತವೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ನಾವು ಗಂಡಸರು ನೋಡಿದ್ದು ಮುಳ್ಳು. "ತೊಂಬತ್ತೆರಡು ಬಾವ." "ಎಷ್ಟನೇ ತಿರುವು?" "ಒಂಬತ್ತು." "ಇನ್ನೂ ಹನ್ನೊಂದಿದೆಯಲ್ಲೋ!" ಹಿಂದಿನ ಸೀಟಿನಿಂದ ಮಾವ, "ನೂರು ದಾಟಿದ್ರೆ ಹೇಳ್ರಪ್ಪ, ನಾನು ಇಳಿದು ಬರ್ತೀನಿ" ಎನ್ನುತ್ತಿದ್ದರು.

ನೂರಾದ ತಕ್ಷಣ ಕುದಿಯಬೇಕೆಂದೇನಿಲ್ಲ ಎಂದು ಅವರಿಗೆ ತಿಳಿಸಿ ಹೇಳಲು ನಾನು ಬಹಳ ಹೆಣಗಿದ್ದೇನೆ. ರೇಡಿಯೇಟರ್ ಕ್ಯಾಪು ಬರೀ ಮುಚ್ಚಳವಲ್ಲ, ಒತ್ತಡ ಹಿಡಿಯುವ ಕವಾಟ. 0.9 ಬಾರ್ ಒತ್ತಡ ಹಿಡಿಯುವ ಕ್ಯಾಪು ಸರಿಯಾಗಿದ್ದರೆ ಒಳಗಿನ ನೀರು ಸುಮಾರು 118 ಡಿಗ್ರಿಯವರೆಗೂ ಕುದಿಯುವುದಿಲ್ಲ. ಬಿಸಿಯಿರುವಾಗ ಕ್ಯಾಪು ತಿರುಗಿಸಬಾರದು ಎನ್ನುವುದೂ ಇದಕ್ಕೇ. ಒತ್ತಡ ಬಿಟ್ಟ ಮರುಕ್ಷಣ ನೀರು ಕುದ್ದು ಉಕ್ಕಿ, ಆವಿಯ ಜೊತೆ ಮುಖಕ್ಕೆ ಹಾರುತ್ತದೆ. ಮಾವ ಎಲ್ಲ ಕೇಳಿ, "ನೂರು ಅಂದ್ರೆ ನೂರೇ ಅಲ್ವಾ?" ಎಂದರು.

ಕೊನೆಗೆ ರೇಡಿಯೇಟರನ್ನು ಬಿಚ್ಚಿ, ರೇಡಿಯೇಟರ್ ಕೆಲಸವನ್ನೇ ಮಾಡುವ ಅಂಗಡಿಗೆ ಒಯ್ದೆವು. ಆತ ಮೇಲಿನ ಟ್ಯಾಂಕಿನ ಬೆಸುಗೆ ಕರಗಿಸಿ ಎತ್ತಿದ. ಒಳಗಿನ ಚಪ್ಪಟೆ ಕೊಳವೆಗಳಲ್ಲಿ ಅರ್ಧಕ್ಕರ್ಧ ಕಟ್ಟಿಹೋಗಿದ್ದವು. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಬಿಳಿ ಹೆಕ್ಕಳೆ. ಸೇಲಂನ ಪಕ್ಕದಲ್ಲೇ ಮ್ಯಾಗ್ನಸೈಟ್ ಅಗೆಯುವ ಸುಣ್ಣದ ಬಣ್ಣದ ಗುಡ್ಡಗಳಿವೆ. ನಾವು ಸುರಿದದ್ದೋ ವರ್ಷಗಟ್ಟಲೆ ಬೋರ್‌ವೆಲ್ ನೀರು. ಆತ ಉದ್ದನೆಯ ತೆಳು ಉಕ್ಕಿನ ಪಟ್ಟಿಯನ್ನು ಒಂದೊಂದೇ ಕೊಳವೆಗೆ ತೂರಿಸಿ, ಮೇಲೆ ಕೆಳಗೆ ಆಡಿಸಿ, ಪುಡಿಯನ್ನು ಕಾಗದದ ಮೇಲೆ ಸುರಿದು ತೋರಿಸಿದ. ಮಾವ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ವಿಭೂತಿಯಾಗುವಷ್ಟಿದೆ ಎಂದರು.

ಇನ್ನು ಮೇಲೆ ಯಾವ ನೀರು? ಧರ್ಮಪುರಿಯ ಅಂತರ್ಜಲದಲ್ಲಿ ಫ್ಲೋರೈಡು ಜಾಸ್ತಿ, ಜನರ ಹಲ್ಲು ಮೂಳೆಗೇ ಆಗದ ನೀರು. ಅದಕ್ಕೆಂದೇ ಹೊಗೇನಕಲ್ಲಿನಿಂದ ಕುಡಿಯುವ ನೀರಿನ ಯೋಜನೆ ಬಂದದ್ದು. 2008ರಲ್ಲಿ ಅದರ ಮೇಲೆ ಕರ್ನಾಟಕದಲ್ಲಿ ದೊಡ್ಡ ಗಲಾಟೆಯಾಯಿತು, 2013ರಲ್ಲಿ ನಲ್ಲಿಯಲ್ಲಿ ನೀರು ಬಂತು. ತೋಟದ ಮನೆಯ ನಲ್ಲಿಯಿಂದ ಆ ಕಾವೇರಿಯನ್ನು ಹಿಡಿದು ಜೀಪಿಗೆ ಸುರಿಯೋಣ ಎಂದ ಭಾವಮೈದ. ಬೆಂಗಳೂರಿನವನಾದ ನಾನು ಅದಕ್ಕೆ ಸಾಕ್ಷಿಯಾಗಿ ನಿಲ್ಲಲು ಒಪ್ಪಲಿಲ್ಲ. ವಿವಾದವೇ ಬೇಡವೆಂದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಸಮಪಾಲು ಕೂಲೆಂಟ್ ಬೆರೆಸಿದೆವು. ಎಂಜಿನ್ನಿಗೆ ಸರಿಯಾದದ್ದೂ ಅದೇ.

ಬಿಂದಿಗೆಯ ಕೆಲಸ ಕಳೆದುಕೊಂಡ ಬೇಸರದಲ್ಲಿದ್ದ ನನಗೆ ಸಮಾಧಾನ ಕೊಟ್ಟವಳು ಬರ್ಥಾ ಬೆಂಜ್. 1888ರಲ್ಲಿ ಗಂಡನಿಗೆ ಹೇಳದೆ ಅವನ ಕಾರು ತೆಗೆದುಕೊಂಡು, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ತವರಿಗೆ ಹೋದಾಕೆ. ಆ ಗಾಡಿಗೆ ಈಗಿನಂಥ ರೇಡಿಯೇಟರ್ ಎಲ್ಲಿಂದ ಬರಬೇಕು? ನೀರು ಕಾದು ಆವಿಯಾಗಿ ಹೋಗುತ್ತಿತ್ತು, ದಾರಿಯುದ್ದಕ್ಕೂ ಸಿಕ್ಕಲ್ಲಿ ನೀರು ತುಂಬಿಸಿಕೊಳ್ಳುತ್ತ ಹೋಗಬೇಕಿತ್ತು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಮೇಬ್ಯಾಕ್ ಎಂಬ ಮಹಾನುಭಾವ ಮರ್ಸಿಡಿಸ್ ಕಾರಿಗೆ 8,070 ಸಣ್ಣ ಕೊಳವೆಗಳ ರೇಡಿಯೇಟರ್ ಮಾಡಿ, ಹಿಂದೆ ಫ್ಯಾನ್ ಇಟ್ಟ. ಅಂತೂ ಮೋಟಾರು ಯುಗದ ಮೊದಲ ದೂರಪ್ರಯಾಣ ಹೆಣ್ಣುಮಗಳೊಬ್ಬಳು ತವರಿಗೆ ಹೋದದ್ದು, ನೀರು ಹೊಯ್ಯುತ್ತ. ನನ್ನ ಹೆಂಡತಿಗೆ ಈ ಕಥೆ ಹೇಳಬಾರದಿತ್ತು.

ರೇಡಿಯೇಟರ್ ತಿರುಗಿ ಕೂರಿಸುವಾಗ ಅಂಗಡಿಯಾತ ಕೇಳಿದ ಪ್ರಶ್ನೆಯೇ ಇಡೀ ಪ್ರಕರಣದ ತಿರುಳು. "ಶ್ರೌಡ್ ಎಲ್ಲಿ ಸಾರ್?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಫ್ಯಾನಿನ ಸುತ್ತ ರೇಡಿಯೇಟರಿಗೆ ಅಂಟಿಕೊಂಡಿರುವ ತಗಡಿನ ಗೂಡು ಅದು. ಫ್ಯಾನು ದುಂಡಗೆ, ರೇಡಿಯೇಟರು ಚೌಕ. ನಡುವೆ ಗೂಡಿಲ್ಲದಿದ್ದರೆ ಫ್ಯಾನು ಸೋಮಾರಿ. ಕಷ್ಟಪಟ್ಟು ಕೊಳವೆಗಳ ಸಂದಿಯಿಂದ ಗಾಳಿ ಎಳೆಯುವ ಬದಲು ಪಕ್ಕದಲ್ಲೇ ಸಿಗುವ ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದು ಸುತ್ತಿಸುತ್ತ ಕೂರುತ್ತದೆ. ಯಾವ ಕಾಲದಲ್ಲೋ ಫ್ಯಾನ್ ಬೆಲ್ಟು ಬದಲಿಸಲು ಅಡ್ಡ ಬಂತೆಂದು ಅದನ್ನು ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ತೋಟದ ಶೆಡ್ಡಿನಲ್ಲಿ ಹುಡುಕಿದರೆ ಸಿಕ್ಕಿತು: ಕಾವಿಗೆ ಬಂದ ಕೋಳಿ ಅದರಲ್ಲಿ ಕೂತಿತ್ತು.

ಕೋಳಿಯನ್ನು ಏಳಿಸುವುದಕ್ಕೆ ಅತ್ತೆ ಒಪ್ಪಲಿಲ್ಲ. ಹೊಸ ಶ್ರೌಡನ್ನು ಟಿಂಕರಿಂಗ್ ಅಂಗಡಿಯಲ್ಲಿ ಅಳತೆಗೆ ಮಾಡಿಸಿದೆವು. ಟಿಂಕರ್ ಮೊದಲು ಹಳೆ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಅಳತೆ ಹಿಡಿದ, ಆಮೇಲೆ ತಗಡು ಬಗ್ಗಿಸಿದ. ಫ್ಯಾನಿನ ರೆಕ್ಕೆಗಳ ಅಗಲ ಅರ್ಧ ಗೂಡಿನೊಳಗೆ, ಅರ್ಧ ಹೊರಗೆ. ಸುತ್ತ ಒಂದಂಗುಲ ಬಿಡುವು. ಅಂಚಿಗೆ ಲಾರಿ ಟ್ಯೂಬಿನ ರಬ್ಬರ್ ಪಟ್ಟಿ. ಎಲೆಕ್ಟ್ರಿಕ್ ಫ್ಯಾನು ಗುಜರಿಗೆ ವಾಪಸ್ ಹೋಯಿತು. ಫಾಗ್ ಲ್ಯಾಂಪು ಬಂಪರಿಗೆ ಇಳಿಯಿತು, ಹಾರ ಒಳಗಿನ ಕನ್ನಡಿಗೆ ಹೋಯಿತು, ಥರ್ಮೋಸ್ಟಾಟು ಮನೆಗೆ ಮರಳಿತು. ಈ ಎಲ್ಲದರಲ್ಲಿ ಅತಿ ಅಗ್ಗದ್ದು ಆ ತಗಡು; ಅದರ ಬಗ್ಗೆ ಟೀ ಅಂಗಡಿಯ ಒಬ್ಬ ವೈದ್ಯನೂ ಬಾಯಿ ಬಿಟ್ಟಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಏರ್ಕಾಡು ಹತ್ತಿದೆವು. ಎಂಬತ್ತೈದು. ಐದನೇ ತಿರುವು, ಎಂಬತ್ತೈದು. ಹನ್ನೆರಡನೇ ತಿರುವು, ಎಂಬತ್ತೈದು. ಭಾವಮೈದನ ಮುಖ ಸಣ್ಣಗಾಗುತ್ತಾ ಬಂತು. ಬೆರಳಲ್ಲಿ ಗಾಜು ಕುಟ್ಟಿದ, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ವೈರು ಅಲ್ಲಾಡಿಸಿದ. ಇಪ್ಪತ್ತನೇ ತಿರುವು ದಾಟಿ ಕೆರೆಯ ಹತ್ತಿರ ನಿಲ್ಲಿಸಿದಾಗಲೂ ಮುಳ್ಳು ಅಲ್ಲೇ. "ಬಾವ, ಮೀಟರು ಹೋಗಿದೆ" ಎಂದ. ಮಾವ ಇಳಿದು, ಬಾನೆಟ್ ಮುಟ್ಟಿ ನೋಡಿ, "ನಾನು ಆಗಲೇ ಹೇಳಿದ್ನಲ್ಲ, ಆ ಸಿ-ಎಚ್ ಮೀಟರೇ ವಾಸಿ ಅಂತ" ಎಂದರು. ಹೊಸ ಮೀಟರಿಗೆ ಆರ್ಡರ್ ಕೊಟ್ಟಾಗಿದೆ.