ನೋಡೂಣು ಸಾವಕಾರರ ಗಾಡಿ

ಮುನವಳ್ಳಿ, ಯರಗಟ್ಟಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ. ನಮ್ಮ ಸವದತ್ತಿ ಸೀಮೆಯ ಯಾವ ಊರಿಗಾದರೂ ಹೋಗಿ, ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಒಬ್ಬ ನೋಡೂಣು ಸಾವಕಾರರು ಕುಳಿತಿರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಅಂಗಿಯ ಕಿಸೆಯಲ್ಲಿ ಗಾಡಿ ಕಂಪನಿಯವರು ಕೊಟ್ಟ ಬಣ್ಣದ ಹಾಳೆ ಇರುತ್ತದೆ. ಮಡಿಚಿ ಮಡಿಚಿ ಅದರ ಮಡಿಕೆಗಳು ಹರಿದಿರುತ್ತವೆ, ಗಾಡಿಯ ಚಿತ್ರದ ಮೇಲೆ ಚಹಾ ಕಪ್ಪಿನ ಕಂದು ಉಂಗುರ ಬಿದ್ದಿರುತ್ತದೆ. ಸಾವಕಾರರು ಗಾಡಿ ತೆಗೆದುಕೊಳ್ಳುವವರಿದ್ದಾರೆ. ಹಳೇ ಗಾಡಿ ಮಾರಿದಾಗ ಎಲ್.ಕೆ.ಜಿ.ಗೆ ಹೊರಟಿದ್ದ ಮೊಮ್ಮಗ ಈಗ ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗುತ್ತಾನೆ. ಸಾವಕಾರರು ಇನ್ನೂ ತೆಗೆದುಕೊಳ್ಳುವವರಿದ್ದಾರೆ.

"ಯಾವಾಗರೀ ಸಾವಕಾರ್ರ?"

"ನೋಡೂಣು."

ಅವರ ಬೇಡಿಕೆ ಕೇಳಿದರೆ ಭಾಳ ಸಣ್ಣದು. ಗಾಡಿ ಒಂದೇ ಇರಬೇಕು. ಹಂಗಾಮಿನಲ್ಲಿ ಅದು ಕಬ್ಬಿನ ಡಬ್ಬಿ, ಅಂದರೆ ಟ್ರೇಲರ್, ಜಗ್ಗಬೇಕು. ಸೋಮವಾರ ತಹಶೀಲ್ದಾರ ಕಚೇರಿಗೆ ಹೋದಾಗ ಅದರಿಂದ ಇಳಿಯುವುದನ್ನು ನಾಲ್ಕು ಮಂದಿ ನೋಡಬೇಕು. ಬನದ ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ಯಲ್ಲಮ್ಮನ ಗುಡ್ಡಕ್ಕೆ ಹತ್ತಿಸಬೇಕು. ಧಾರವಾಡದ ಮಗಳ ಮನೆಗೆ ಹೋದರೆ ಸೊಂಟ ಹಿಡಿಯಬಾರದು. "ಜಗ್ಗೂದೂ ಅದ ಆಗಬೇಕು, ಅಡ್ಡ್ಯಾಡೂದೂ ಅದ ಆಗಬೇಕು. ಇಷ್ಟೂ ಮಾಡಾಕ ಬರೂದಿಲ್ಲ ಅಂದ್ರ ಇವರು ಕಂಪನಿ ಯಾಕ ತಗದಾರಂತ?"

ಈ ಆಸೆ ಅವರೊಬ್ಬರದೇ ಅಲ್ಲ, ಇದಕ್ಕೆ ವಂಶಾವಳಿಯಿದೆ. ಅವರ ಅಜ್ಜನ ಚಕ್ಕಡಿ ನಾಲ್ಕು ದಿನ ತಿಪ್ಪೆಗೊಬ್ಬರ ಹೊರುತ್ತಿತ್ತು. ಐದನೇ ದಿನ ಅದನ್ನೇ ತೊಳೆದು, ಕೊಲ್ಲಾರಿ ಕಟ್ಟಿ, ಹುಲ್ಲು ಹಾಸಿ, ಮೇಲೆ ಜಮಖಾನೆ ಹೊದಿಸಿದರೆ ಅದೇ ಸವಾರಿ ಬಂಡಿ. ಕೊರಳಗೆಜ್ಜೆ ಕಟ್ಟಿಸಿಕೊಂಡ ಎತ್ತುಗಳಿಗೂ ಇವತ್ತು ಗೊಬ್ಬರವಲ್ಲ, ಜಾತ್ರೆ ಎಂದು ತಿಳಿಯುತ್ತಿತ್ತು. ಆದರೆ ಅಜ್ಜನ ಕಾಲದಲ್ಲೂ ತಕರಾರು ಇದ್ದೇ ಇತ್ತು. ಖಿಲಾರಿ ಎತ್ತು ಓಟಕ್ಕೆ ಹೆಸರುವಾಸಿ, ರಸ್ತೆಗೆ ಬಿಟ್ಟರೆ ಕಾಲು ನೆಲಕ್ಕೆ ಹತ್ತುವುದಿಲ್ಲ. ಅಂಟುವ ಎರಿಭೂಮಿಯಲ್ಲಿ ದೊಡ್ಡ ನೇಗಿಲು ಎಳೆಯಲು ಅದಕ್ಕಿಂತ ದಪ್ಪ ಪ್ರಾಣಿ ಬೇಕೆಂದು 19ನೆಯ ಶತಮಾನದ ಕೊನೆಯ ಹೊತ್ತಿಗೆ ಸಾಂಗಲಿಯ ಪಟವರ್ಧನರಂಥ ಸಂಸ್ಥಾನಿಕರು ಗೀರ್, ಓಂಗೋಲ್ ತಳಿಗಳ ರಕ್ತ ಬೆರೆಸಿ ಕೃಷ್ಣಾ ಕಣಿವೆ ತಳಿಯನ್ನು ಬೆಳೆಸಿದರು. ಅದು ಆನೆಯ ಮರಿಯಂತೆ ಬೆಳೆಯಿತು, ಜಗ್ಗಿತು. ಆದರೆ ಜಾತ್ರೆಗೆ ಹೂಡಿದರೆ ಬಂಡಿ ಮುಟ್ಟುವ ಹೊತ್ತಿಗೆ ಜಾತ್ರೆ ಮುಗಿಯುವುದೇನೋ ಎಂಬ ನಡಿಗೆ. ಟ್ರ್ಯಾಕ್ಟರ್ ಬಂದ ಮೇಲಂತೂ ಅದನ್ನು ಕೇಳುವವರೇ ಕಡಿಮೆಯಾದರು. ಎತ್ತಿನಲ್ಲೇ ಬಗೆಹರಿಯದ್ದನ್ನು ಇಂಜಿನ್ನಿನಲ್ಲಿ ಬಗೆಹರಿಸಲು ನಮ್ಮ ಸಾವಕಾರರು ಹೊರಟಿದ್ದಾರೆ.

ಬೆಳಗಾವಿಯ ಷೋರೂಮಿನಲ್ಲಿ ಅವರನ್ನು ನೋಡಬೇಕು. ಎ.ಸಿ.ಯ ತಂಪು, ಗಾಜಿನಂಥ ನೆಲ, ಮಧ್ಯದಲ್ಲಿ ಇಸುಝು ವಿ-ಕ್ರಾಸ್. ಟೈ ಕಟ್ಟಿದ ಹುಡುಗ ಪಾಠ ಒಪ್ಪಿಸುತ್ತಾನೆ: "163 ಎಚ್.ಪಿ. ಸರ್, 360 ನ್ಯೂಟನ್ ಮೀಟರ್ ಟಾರ್ಕ್."

"ಮೀಟರ್ ಬ್ಯಾಡ ತಮ್ಮಾ, ಟನ್ ಹೇಳು."

ಹುಡುಗ ತಡವರಿಸುವಷ್ಟರಲ್ಲಿ ಸಾವಕಾರರು ಗಾಡಿಯ ಉದ್ದವನ್ನು ಹೆಜ್ಜೆ ಹಾಕಿ ಅಳೆದು ಮುಗಿಸಿರುತ್ತಾರೆ. ಐದೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಮನಸ್ಸಿನಲ್ಲೇ ಅದನ್ನು ತಮ್ಮ ಓಣಿಗೆ ತಂದು, ಬಸವಣ್ಣನ ಕಟ್ಟೆಯ ಹತ್ತಿರ ತಿರುಗಿಸಿ ನೋಡುತ್ತಾರೆ. ತಿರುಗುವುದಿಲ್ಲ. ಆಮೇಲೆ ಧೋತರ ಎತ್ತಿಕೊಂಡು ನೆಲದ ಮೇಲೆ ಕುಳಿತು ಗಾಡಿಯ ಹೊಟ್ಟೆಯೊಳಗೆ ಇಣುಕುತ್ತಾರೆ. "ಕೊಂಡಿ ಎಲ್ಲೈತಿ? ಡಬ್ಬಿ ಎಲ್ಲಿ ಹಾಕೂದು?" ಹುಡುಗ ಸಂತೋಷದಿಂದ ಮುಂದಿನ ಬಂಪರಿನ ಹತ್ತಿರದ ಸಣ್ಣ ಉಂಗುರ ತೋರಿಸುತ್ತಾನೆ. "ಇದು ಟೋಯಿಂಗ್ ಹುಕ್ ಸರ್. ಗಾಡಿ ಕೆಟ್ಟು ನಿಂತರೆ ಬೇರೆಯವರು ಎಳೆದೊಯ್ಯಲಿಕ್ಕೆ."

ಸಾವಕಾರರು ಎದ್ದು ಕೈ ಝಾಡಿಸಿಕೊಳ್ಳುತ್ತಾರೆ. "ಅಂದ್ರ ಇದು ಜಗ್ಗೂ ಗಾಡಿ ಅಲ್ಲೋ ತಮ್ಮಾ, ಜಗ್ಗಿಸ್ಕೊಳ್ಳೂ ಗಾಡಿ."

ಅಲ್ಲಿಂದ ಸೀದಾ ಬೈಲಹೊಂಗಲದ ಗ್ಯಾರೇಜಿಗೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಐವತ್ತು ಕುದುರೆಯ ಟ್ರ್ಯಾಕ್ಟರ್ ಎರಡು ಡಬ್ಬಿ ಕಬ್ಬು ಜಗ್ಗಿಕೊಂಡು ಮುನವಳ್ಳಿ ಫ್ಯಾಕ್ಟರಿಯ ಸಾಲಿನಲ್ಲಿ ನಿಲ್ಲುತ್ತದೆ. 163 ಕುದುರೆ ಕಟ್ಟಿದ ಇದಕ್ಕೆ ಒಂದು ಡಬ್ಬಿಯೂ ಯಾಕೆ ಆಗದು? ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ತಿಳಿಸಿ ಹೇಳುತ್ತಾನೆ: ಕುದುರೆ ಎಷ್ಟು ಅನ್ನುವುದಲ್ಲ, ಎಷ್ಟು ಸಾವಕಾಶ ನಡೆಯುತ್ತವೆ ಅನ್ನುವುದು. ಟ್ರ್ಯಾಕ್ಟರಿನ ಗೇರು ಇಂಜಿನ್ನಿನ ತಿರುಗುವಿಕೆಯನ್ನು ಇಳಿಸಿ ಇಳಿಸಿ ಆ ಎತ್ತರದ ಹಿಂದಿನ ಗಾಲಿಗೆ ಕೊಡುತ್ತದೆ. ವೇಗ ಹೋಗಿ ಬಲ ಬರುತ್ತದೆ. ಟ್ರ್ಯಾಕ್ಟರಿನ ಮೈಭಾರವೂ ಹಿಂದಿನ ಗಾಲಿಯ ಮೇಲೆಯೇ ಕೂತಿರುವುದರಿಂದ ಅದು ನೆಲ ಬಿಡುವುದಿಲ್ಲ. ಭಾರ ಮಿತಿಮೀರಿ ಏರು ಬಂದರೆ ಮುಂದಿನ ಗಾಲಿ ಮೇಲೆದ್ದು ನಮಸ್ಕಾರ ಮಾಡುತ್ತದೆ, ಆ ಮಾತು ಬೇರೆ. ಪಿಕಪ್ಪಿನ ಕುದುರೆಗಳು ಓಡಲಿಕ್ಕೆ ಹುಟ್ಟಿದವು.

"ಖಿಲಾರಿ ಅನ್ನು."

"ಹೌದ್ರಿ, ಖಿಲಾರಿ."

"ಅಮೆರಿಕಾದಾಗ ಹೆಂಗ ಜಗ್ಗತಾವ ಹಂಗಾರ?" ಸಾವಕಾರರ ತಮ್ಮನ ಮಗ ಟೆಕ್ಸಾಸಿನಲ್ಲಿದ್ದಾನೆ, ಫೋಟೋ ಕಳಿಸುತ್ತಿರುತ್ತಾನೆ. ಅಲ್ಲಿ ಫೋರ್ಡ್ ಎಫ್-150 ಎಂಬ ಗಾಡಿಯ ಹಿಂದೆ ಜನ ದೋಣಿ ಕಟ್ಟಿಕೊಂಡು ಹೋಗುತ್ತಾರೆ, ಮರುದಿನ ಅದರಲ್ಲೇ ಆಫೀಸಿಗೆ ಹೋಗುತ್ತಾರೆ. ಇಸುಝುವಿನ ಇದೇ ಡಿ-ಮ್ಯಾಕ್ಸ್ ಮನೆತನದ ಗಾಡಿಗೆ ಇಂಗ್ಲೆಂಡಿನಲ್ಲಿ ಬ್ರೇಕ್ ಇರುವ ಮೂರೂವರೆ ಟನ್ನಿನ ಟ್ರೇಲರ್ ಎಳೆಯಲು ಪರವಾನಗಿಯಿದೆ. ಸಾವಕಾರರು ಲೆಕ್ಕ ಹಾಕುತ್ತಾರೆ. ಮೂರೂವರೆ ಟನ್ನಿನಲ್ಲಿ ಡಬ್ಬಿಯ ಕಬ್ಬಿಣದ ತೂಕ ಕಳೆದರೆ ಉಳಿಯುವ ಕಬ್ಬು ಜಾತ್ರೆಯಲ್ಲಿ ಹುಡುಗರು ತಿನ್ನುವುದಕ್ಕೆ ಸಾಕು. ಬಾಡಿಗೆ ಡಬ್ಬಿಯಲ್ಲಿ ಅವರು ಹೇರುವ ಕಬ್ಬಿನ ಮುಂದೆ ಅದು ಎಲ್ಲಿಯ ಲೆಕ್ಕ? ದೋಣಿಯ ಬಗ್ಗೆಯೂ ಅವರಿಗೆ ಅಸಮಾಧಾನವಿದೆ: "ದೋಣಿ ನೀರಾಗ ಇರಬೇಕು. ನಮ್ಮ ನವಿಲುತೀರ್ಥದ ಡ್ಯಾಮಿನಾಗ ಇರೂ ದೋಣಿನ ಯಾರರ ರೋಡ್ ಮ್ಯಾಲ ತಂದಾರೇನು?"

ಉಳಿದದ್ದು ಬೊಲೆರೊ ಕ್ಯಾಂಪರ್. ಐದು ಜನಕ್ಕೆ ಸೀಟು, ಹಿಂದೆ ಸಾವಿರ ಕಿಲೋ ಹೇರಲು ತೊಟ್ಟಿ, ಊರ ಮೇಸ್ತ್ರಿಗೆ ಕಣ್ಣುಮುಚ್ಚಿ ಬಿಚ್ಚಲು ಬರುವ ಇಂಜಿನ್. ನನ್ನನ್ನು ಕೇಳಿದರೆ ನಮ್ಮ ಸೀಮೆಗೆ ಇದಕ್ಕಿಂತ ತಕ್ಕದ್ದು ಇಲ್ಲ. ಲೈಸೆನ್ಸಿನ ತಂಟೆಯೂ ಇಲ್ಲ, ಏಳೂವರೆ ಸಾವಿರ ಕಿಲೋ ಒಳಗಿನ ಸಾಗಣೆ ವಾಹನವನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಮತ್ತೊಮ್ಮೆ ಖಚಿತಪಡಿಸಿದೆ. ಆದರೆ ಸಾವಕಾರರ ಗಂಟಲಿಗೆ ಸಿಕ್ಕಿಕೊಂಡದ್ದು ಹಳದಿ ನಂಬರ್ ಪ್ಲೇಟು. "ಬೀಗರ ಮನಿ ಮುಂದ ಹಳದಿ ಬೋರ್ಡ್ ನಿಲ್ಲಿಸಿದ್ರ, ಬಾಡಿಗಿ ಎಷ್ಟಾತು ಅಂತ ಕೇಳತಾರ್ರೀ."

ಹಾಗಾದರೆ ಟ್ರ್ಯಾಕ್ಟರನ್ನೇ ತೆಗೆದುಕೊಳ್ಳಿ ಎಂದರೆ ಮುಖ ಅರಳುತ್ತದೆ. ಊರ ಜಾತ್ರೆಯಲ್ಲಿ ಡಬ್ಬಿ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಸ್ಪರ್ಧೆಗೆ ಅವರೇ ಖಾಯಂ ಪಂಚರು. ಹುಡುಗರು ಕತ್ತು ಹೊರಳಿಸಿ, ಸ್ಟೇರಿಂಗ್ ಉಲ್ಟಾ ತಿರುಗಿಸುತ್ತ ಸುಣ್ಣದ ಗೆರೆ ದಾಟದಂತೆ ಬರುವುದನ್ನು ನೋಡುವಾಗ ಅವರ ಬಾಯಲ್ಲಿ ಎಲೆಅಡಿಕೆ ಹಾಗೇ ನಿಂತಿರುತ್ತದೆ. ಆದರೆ ಟ್ರ್ಯಾಕ್ಟರಿಗೆ ಸೀಟು ಒಂದೇ. ಧಾರವಾಡಕ್ಕೆ ಗಂಟೆಗೆ ಮೂವತ್ತು ಕಿಲೋಮೀಟರಿನಂತೆ ಹೋದರೆ ಮಗಳ ಮನೆಯ ಹೋಳಿಗೆ ಆರಿರುತ್ತದೆ. ಮನೆಯವರು ಮಡ್‌ಗಾರ್ಡ್ ಮೇಲೆ ಕೂರಲು ಒಪ್ಪುವುದಿಲ್ಲ, ಕೂರಲೂಬಾರದು.

ಈ ಕಂಪನಿಗಳ ಮೇಲೆ ನನ್ನದೂ ಒಂದು ಸಣ್ಣ ತಕರಾರಿದೆ. ಟ್ರ್ಯಾಕ್ಟರಿನ ಜಾಹೀರಾತಿನಲ್ಲಿ ಬರೀ ಹೊಲ, ಪಿಕಪ್ಪಿನ ಜಾಹೀರಾತಿನಲ್ಲಿ ಬರೀ ಹಿಮದ ಗುಡ್ಡ. ಸೋಮವಾರ ಕಬ್ಬು ಸಾಗಿಸಿ ಮಂಗಳವಾರ ಕನ್ಯೆ ನೋಡಲು ಹೋಗುವ ಮನುಷ್ಯ ಯಾವುದರಲ್ಲೂ ಇಲ್ಲ.

ಹೋದ ಹಂಗಾಮಿನಲ್ಲಿ ಸಾವಕಾರರು ಒಂದು ಹೆಜ್ಜೆ ಮುಂದಿಟ್ಟರು. ರಾಮದುರ್ಗದ ಕಡೆ ಅಗ್ಗಕ್ಕೆ ಸಿಕ್ಕಿತೆಂದು ಡಬ್ಬಿಯನ್ನೇ ಮೊದಲು ತಂದುಬಿಟ್ಟರು. ಬಾಡಿಗೆ ಟ್ರ್ಯಾಕ್ಟರ್ ಅದನ್ನು ಮನೆ ಮುಂದೆ ಎಳೆದು ತಂದು ಬಿಟ್ಟುಹೋಯಿತು. ಈಗ ಅದರಲ್ಲಿ ಕಣಿಕೆ ಒಟ್ಟಿದ್ದಾರೆ, ಬದಿಗೆ ಎಮ್ಮೆ ಕಟ್ಟಿದ್ದಾರೆ, ಹಿಂದಿನ ಪಾಟಿಯ ಮೇಲೆ ಪೇಂಟರನನ್ನು ಕರೆಸಿ "ಶ್ರೀ ರೇಣುಕಾ ಯಲ್ಲಮ್ಮದೇವಿ ಪ್ರಸನ್ನ" ಎಂದು ಬರೆಸಿದ್ದಾರೆ. ಅವರ ಮನೆಯವರಂತೂ ಗಾಡಿಗಾಗಿ ಕಾಯುವುದನ್ನು ಬಿಟ್ಟು 2023ರ ಜೂನಿನಿಂದ ಆಧಾರ್ ಕಾರ್ಡು ಹಿಡಿದು, ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಧಾರವಾಡಕ್ಕೆ ಹೋಗಿಬರುತ್ತಿದ್ದಾರೆ. ಪಕ್ಕದ ಸೀಟಿನಲ್ಲಿ ಸಾವಕಾರರು, ರೊಕ್ಕ ಕೊಟ್ಟ ಟಿಕೆಟಿನೊಂದಿಗೆ, ಕಿಟಕಿಯಾಚೆ ಹೋಗುವ ಗಾಡಿಗಳ ಗುಣದೋಷ ಹೇಳುತ್ತ.

ಒಂದು ಮಾತು ಮಾತ್ರ ಒಪ್ಪಲೇಬೇಕು. ಅವರನ್ನು ಕೇಳಿ ಗಾಡಿ ತೆಗೆದುಕೊಂಡವರಲ್ಲಿ ಯಾರೂ ಕೆಟ್ಟಿಲ್ಲ. ನಿಮ್ಮ ಹೊಲವೆಷ್ಟು, ಹೊಲದ ದಾರಿಯಲ್ಲಿ ಹಳ್ಳವಿದೆಯೋ, ವರ್ಷಕ್ಕೆ ಎಷ್ಟು ದಿನ ಜಗ್ಗುತ್ತೀರಿ, ಎಷ್ಟು ದಿನ ಅಡ್ಡಾಡುತ್ತೀರಿ ಎಂದು ಕೇಳಿ ಕೇಳಿ, ಕೊನೆಗೆ, "ದಿನಾ ಮಾಡೂ ಕೆಲಸಕ್ಕ ಗಾಡಿ ತಗೋ, ವರ್ಷದಾಗ ತಿಂಗಳ ಮಾಡೂ ಕೆಲಸಕ್ಕ ಬಾಡಿಗಿ ಹಚ್ಚು" ಎನ್ನುತ್ತಾರೆ. ಇಷ್ಟು ಸರಿಯಾದ ಬುದ್ಧಿ ಯಾವ ಷೋರೂಮಿನಲ್ಲೂ ಸಿಗುವುದಿಲ್ಲ. ಸವದತ್ತಿ ಕಡೆ ಬಂದಾಗ ಅವರನ್ನು ಅವಶ್ಯ ಕಾಣಿರಿ. ಚಹಾದ ಖರ್ಚು ನಿಮ್ಮದು. ಕೊನೆಯ ಬಸ್ಸು ಎಷ್ಟಕ್ಕೆ ಎಂದು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿರಿ.