ಗುಮ್ಮಟ ಎಲ್ಲಿಗೂ ಓಡಂಗಿಲ್ಲ

(ವಿಠ್ಠಲವಾಡಿಯ ಚಾಳು. ದೀಪಾವಳಿ ರಜೆಗೆ ವಿಜಯಪುರದ ಪ್ರವಾಸ. ಇಲ್ಲಿ ಲೋಕಲ್ಲುಗಳಷ್ಟೇ ನಿಲ್ಲುವುದರಿಂದ ಕಲ್ಯಾಣಕ್ಕೆ ಹೋಗಿ ರೈಲು ಹಿಡಿಯಬೇಕು. ನೆಂಟರ ಗಾಡಿಗಾದರೋ ಎಲ್ಲ ಕಡೆಯೂ ನಿಲುಗಡೆ.)

ಗಂಡ: ಮೊದಲನೇ ದಿನ ಗೋಳಗುಮ್ಮಟ. 1656ರಾಗ ಮುಗಿದದ್ದು. ಒಳಗ ಒಂದು ಕಂಬ ಇಲ್ಲ, ಗುಮ್ಮಟದ ಅಡ್ಡಳತಿ ಸುಮಾರು 44 ಮೀಟರು!

ಹೆಂಡತಿ: ಮೊದಲನೇ ದಿನ ದೊಡ್ಡತ್ತಿ ಮನಿ. ಇಲ್ಲಂದ್ರ ‘ಗುಮ್ಮಟ ನಿಮಗ ಹೋಳಿಗಿ ಮಾಡಿ ಹಾಕತದೇನು?’ ಅಂತಾರ.

ಗಂಡ: ಮಧ್ಯಾಹ್ನ ಇಬ್ರಾಹಿಂ ರೋಜಾ?

ಹೆಂಡತಿ: ಸಣ್ಣ ಕಾಕಾನ ಮನಿ. ಉಂಡು ಬಂದೇವಿ ಅಂದ್ರೂ ಉಣಬೇಕು, ಉಂಡಿಲ್ಲಂದ್ರಂತೂ ಉಣಾಕ ಬೇಕು.

ಗಂಡ: ಸಂಜಿಗಿ ಮುಲ್ಕ್ ಮೈದಾನ ತೋಪು ನೋಡೋಣು. 1549ರಾಗ ಅಹ್ಮದನಗರದಾಗ ಎರಕಾ ಹೊಯ್ದದ್ದು.

ಹೆಂಡತಿ: ಸಂಜಿಗಿ ನಿಮ್ಮ ಅಕ್ಕಾರ ಮನಿ. ಆ ತೋಪಿಗೆ ಮದ್ದೂ ಬೇಕಾಗಿಲ್ಲ.

ಗಂಡ: ಅಲ್ಲಾ, ನಮ್ಮ ಕಲ್ಯಾಣಾನೂ ಒಂದ ಕಾಲಕ್ಕ ಆದಿಲಶಾಹಿಗಳ ಕೈಯಾಗಿತ್ತು. 1657ರಾಗ ಶಿವಾಜಿ ಮಹಾರಾಜರು ತಗೊಂಡ್ರು. ಹಳೇ ರಾಜಧಾನಿ ನೋಡಬಾರದೇನು?

ಹೆಂಡತಿ: ಆದಿಲಶಾಹಗ ಕಲ್ಯಾಣ ಅಷ್ಟ ಹೋತು. ಒಂದು ಮನಿ ತಪ್ಪಿಸಿದ್ರ ನನಗ ತವರಿನ ದಾರೀನ ಹೋಗತದ.

ಮಗಳು: ಪಪ್ಪಾ, ಗುಮ್ಮಟದ ಗ್ಯಾಲರಿಯಾಗ ಪಿಸುಗುಟ್ಟಿದ್ರ ಆಚಿ ಕಡೆ ಕೇಳಸ್ತದಂತಲ್ಲಾ?

ಹೆಂಡತಿ: ಅದಕ್ಕ ಅಲ್ಲೀತನಕ ಯಾಕ ಹೋಗಬೇಕು? ಇಲ್ಲಿ ಅಡಗಿಮನ್ಯಾಗ ಪಿಸುಗುಟ್ಟಿದ್ರ ಉಲ್ಲಾಸನಗರದ ಮಾಮಿಗೆ ಕೇಳಸ್ತದ.

ಗಂಡ: ಹಂಗಾರ ಗುಮ್ಮಟ ಯಾವಾಗ?

ಹೆಂಡತಿ: ಸ್ಟೇಷನ್ನಿನ ಹಂತ್ಯಾಕನ ಅದ ಅಲ್ರಿ. ವಾಪಸ್ ಬರೋಮುಂದ ಕಿಡಕ್ಯಾಗ ಕೂಡ್ರಿ, ಪುಕ್ಕಟ ಕಾಣಸ್ತದ.